ನಾಲ್ಕು ಎಣಿಕೆ ಮಗುವಿಗೇ ಬಿಡಿ

ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ಉರ್ದು, ಮತ್ತೊಬ್ಬರದು ತೆಲುಗು ಅಥವಾ ಲಂಬಾಣಿ. ಕನ್ನಡ ಇನ್ನೂ ಬಾಯಿಗೆ ಹತ್ತದ ಮಗುವನ್ನು ನಿಲ್ಲಿಸಿ "ನಿನ್ನ ಬಗ್ಗೆ ಹೇಳು" ಎಂದರೆ ಅದು ತಲೆ ತಗ್ಗಿಸುತ್ತದೆ. ಅದಕ್ಕೇ ನಾನು ಮಾತಿಗೆ ಮೊದಲು ತಾಳ ಹಿಡಿಯುತ್ತೇನೆ.

ಎಂಟು ಎಣಿಕೆಯ ಒಂದು ಆವರ್ತ. ಮೊದಲ ನಾಲ್ಕಕ್ಕೆ ಎಲ್ಲರೂ ತೊಡೆ ತಟ್ಟುತ್ತಾ "ತ-ಕ-ಧಿ-ಮಿ". ಉಳಿದ ನಾಲ್ಕು ಒಂದು ಮಗುವಿಗೆ: ಹೆಸರು ಹೇಳಲಿ, ಹೆಜ್ಜೆ ಹಾಕಲಿ, ಭುಜ ಕುಣಿಸಲಿ, ಸುಮ್ಮನೆ ನಿಲ್ಲಲಿ. ಮರು ಆವರ್ತದಲ್ಲಿ ಇಡೀ ಗುಂಪು ಅದನ್ನೇ ಮಾಡುತ್ತದೆ. ಸುಮ್ಮನೆ ನಿಂತರೆ ನಾವೂ ಸುಮ್ಮನೆ ನಿಲ್ಲುತ್ತೇವೆ. "ಭೇಷ್" ಅನ್ನುವುದಿಲ್ಲ, ಹಾಗೆಂದುಬಿಟ್ಟರೆ ಮುಂದಿನವರೆಲ್ಲ ಹೊಗಳಿಸಿಕೊಂಡ ಹೆಜ್ಜೆಯನ್ನೇ ಹಾಕುತ್ತಾರೆ. ಇದೇ ಕಾರಣಕ್ಕೆ ನಾನು ಮೊದಲು ಮಾಡಿ ತೋರಿಸುವುದೂ ಇಲ್ಲ.

ಒಂದು ವೃತ್ತಕ್ಕೆ 12 ಮಕ್ಕಳು ಸಾಕು. ತಲಾ 16 ಎಣಿಕೆ, ನಿಮಿಷಕ್ಕೆ 80ರ ವೇಗ ಎಂದರೆ ಎರಡೂವರೆ ನಿಮಿಷದೊಳಗೆ ಸುತ್ತು ಮುಗಿಯುತ್ತದೆ. 30 ಮಕ್ಕಳಾದರೆ ಆರು ನಿಮಿಷ. ಕಾದು ಬೇಸತ್ತವರು ನೂಕಾಟಕ್ಕೆ ಇಳಿಯುತ್ತಾರೆ. ವೇಗ ಏರುವುದಂತೂ ಖಂಡಿತ, ಏಕೆಂದರೆ ಬರೀ ಕೈಯಲ್ಲಿ ತಟ್ಟುವುದಕ್ಕೆ ತಡೆಯಿಲ್ಲ. ಪ್ರತಿ ಎಣಿಕೆಗೂ ಕಾಲು ಬದಲಿಸಿ ತೂಗಲು ಹೇಳಿದರೆ ಮೈಭಾರವೇ ಲಯವನ್ನು ಹಿಡಿದಿಡುತ್ತದೆ.

ವಾದ್ಯಕ್ಕೆ ಅರ್ಧ ಲೀಟರಿನ ನೀರಿನ ಬಾಟಲಿ. ಹುಣಸೆಬೀಜ ಕಾಲುಭಾಗ ಮಾತ್ರ ತುಂಬಬೇಕು. ಕಂಠದವರೆಗೆ ತುಂಬಿದರೆ ಬೀಜ ಅಲುಗಾಡುವುದಿಲ್ಲ, ಸದ್ದು ಸಾಯುತ್ತದೆ. ಗದ್ದಲಕ್ಕೆ ಬೆದರುವ ಮಗುವಿಗೆ ರಾಗಿ ತುಂಬಿದ ಬಾಟಲಿ ಕೊಟ್ಟು ಬಾಗಿಲ ಪಕ್ಕದ ಜಾಗ ಬಿಡುತ್ತೇನೆ. ತಗಡು ಮಾಡಿನ ಕೋಣೆಯಲ್ಲಿ ತಮಟೆ ಬೇಡವೇ ಬೇಡ, ಅಂಗಳಕ್ಕೆ ಹೋಗಿ. ಅಲ್ಲಿ ಕಿವಿ ಮಂದವಾದ ಮಗು ತಮಟೆಯ ಅಂಚಿಗೆ ಅಂಗೈ ಊರಿದರೆ ಪೆಟ್ಟು ಕೈಗೆ ತಿಳಿಯುತ್ತದೆ. ಗಾಲಿಕುರ್ಚಿಯ ಮಗು ಇದ್ದರೆ ಇಡೀ ಸುತ್ತು ಎಲ್ಲರೂ ಕೂತೇ ಮಾಡುವುದು.

ಕೋಲಾಟ ಮೂರನೇ ವಾರಕ್ಕೆ. ಒಂದಡಿ ಉದ್ದದ ಕೋಲು. ಮಕ್ಕಳು ನಡುವೆ ಹಿಡಿಯುತ್ತಾರೆ, ಬೆರಳಿಗೆ ಏಟು ಬೀಳುತ್ತದೆ. ತುದಿಯಲ್ಲಿ ಹಿಡಿಸಿ, ಎರಡು ದಿನ ನೆಲಕ್ಕೇ ಬಡಿಸಿ, ಆಮೇಲೆ ಜೋಡಿ ಕಟ್ಟಿ.

ಒಂದು ತಪ್ಪು ಬಹಳ ಕಡೆ ನಡೆಯುತ್ತದೆ: "ನೀನು ಲಂಬಾಣಿ ಅಲ್ವಾ, ನಿಮ್ಮ ಕುಣಿತ ತೋರಿಸು" ಅನ್ನುವುದು. ಅಲ್ಲಿಗೆ ಆ ಮಗು ತನ್ನ ಜನರ ಪ್ರದರ್ಶನದ ಗೊಂಬೆಯಾಯಿತು. ಅದಕ್ಕೆ ಅಂದು ಬೇಕಿದ್ದುದು ಕಪ್ಪೆಯ ಹಾಗೆ ಜಿಗಿಯುವುದೇ ಇರಬಹುದು. ತಾನಾಗಿ ಮನೆಯ ಹಾಡು ತಂದರೆ ಎಲ್ಲರೂ ಕಲಿಯುತ್ತೇವೆ, ಕೇಳಿ ತರಿಸುವುದಿಲ್ಲ.

ಕೊನೆಯ ಹತ್ತು ನಿಮಿಷ ಮಾತಿಗೆ. ತನ್ನ ಚಲನೆಗೆ ಪ್ರತಿ ಮಗುವೂ ಮನೆಮಾತಿನಲ್ಲಿ ಒಂದು ಹೆಸರಿಡುತ್ತದೆ. ನಾನು ಅದನ್ನು ಕನ್ನಡ ಲಿಪಿಯಲ್ಲಿ ಹಲಗೆಯ ಮೇಲೆ ಬರೆಯುತ್ತೇನೆ. ಮರುದಿನ ಆ ಪದ ತೋರಿಸಿದರೆ ಓದುವುದೂ ಕುಣಿಯುವುದೂ ಒಟ್ಟಿಗೇ ಶುರುವಾಗುತ್ತದೆ.