ಕ್ಯಾನ್ಸರ್ ದರ, ಬದುಕುಳಿಕೆ: ರಿಜಿಸ್ಟ್ರಿಯಲ್ಲಿ ನಾವು ಲೆಕ್ಕ ಹಾಕುವ ಬಗೆ

ಕ್ಯಾನ್ಸರ್ ದರ ಎಂದರೆ ಒಂದು ಭಾಗಾಕಾರ: ಮೇಲೆ ಆ ವರ್ಷದ ಹೊಸ ರೋಗಿಗಳು, ಕೆಳಗೆ ಅದೇ ಪ್ರದೇಶದ ಜನಸಂಖ್ಯೆ. ಎರಡರಲ್ಲಿ ಒಂದು ಅಲುಗಿದರೂ ಇಲ್ಲದ ಏರಿಕೆ ಗ್ರಾಫಿನಲ್ಲಿ ಕಾಣುತ್ತದೆ.

ರಿಜಿಸ್ಟ್ರಿ ಎಂದರೆ ಒಂದು ಪ್ರದೇಶದ ಎಲ್ಲ ಕ್ಯಾನ್ಸರ್ ಕೇಸುಗಳ ನೋಂದಣಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತನ್ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಆರಂಭಿಸಿದ್ದು 1981ರಲ್ಲಿ. ಅದರಡಿ ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿ ದಾಖಲೆ ಶುರುವಾದದ್ದು 1982ರಿಂದ, ಬೆಂಗಳೂರಿನದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ. ಆಸ್ಪತ್ರೆಗಳು ಕಳಿಸಲಿ ಎಂದು ಕಾಯುತ್ತ ಕೂತರೆ ಅರ್ಧ ಕೇಸುಗಳೇ ಬರುವುದಿಲ್ಲ. ಪೆಥಾಲಜಿ ಲ್ಯಾಬ್, ರೇಡಿಯೋಥೆರಪಿ ವಿಭಾಗ, ರೆಕಾರ್ಡ್ ರೂಮ್, ಜನನ-ಮರಣ ನೋಂದಣಿ ಕಚೇರಿ ಎಲ್ಲವನ್ನೂ ಸುತ್ತಿ ಬರೆದುಕೊಳ್ಳಬೇಕು.

ಮೊದಲ ಪ್ರಶ್ನೆ ವಾಸದ್ದು. ರೋಗ ಪತ್ತೆಯಾಗುವ ಮುನ್ನ ಕನಿಷ್ಠ ಒಂದು ವರ್ಷ ರಿಜಿಸ್ಟ್ರಿ ಪ್ರದೇಶದಲ್ಲಿ ಇದ್ದವರನ್ನಷ್ಟೇ ಎಣಿಸುತ್ತೇವೆ. ಕಲಬುರಗಿಯಿಂದ ಚಿಕಿತ್ಸೆಗೆ ಬಂದವರು ಜಯನಗರದ ನೆಂಟರ ವಿಳಾಸ ಕೊಟ್ಟಿರುತ್ತಾರೆ. ಅದನ್ನೇ ನಂಬಿದರೆ ಬೆಂಗಳೂರಿನ ದರ ಸುಮ್ಮನೆ ಉಬ್ಬುತ್ತದೆ. 'ಇಲ್ಲಿಗೆ ಬಂದು ಎಷ್ಟು ದಿನವಾಯಿತು?' ಎಂದು ಬೇರೆಯಾಗಿ ಕೇಳಲೇಬೇಕು.

ಆಮೇಲೆ ಒಬ್ಬರೇ ಎರಡು ಸಲ ಬರುವ ಸಮಸ್ಯೆ. ಲಕ್ಷ್ಮಮ್ಮ, ಲಕ್ಷ್ಮಿ, ಎಂ. ಲಕ್ಷ್ಮಮ್ಮ: ಮೂರು ಆಸ್ಪತ್ರೆ, ಮೂರು ಕಾಗುಣಿತ, ಒಬ್ಬರೇ ಮನುಷ್ಯರು. ಹೆಸರಿನ ಜೊತೆ ತಂದೆ ಅಥವಾ ಗಂಡನ ಹೆಸರು, ವಯಸ್ಸು (ಎರಡು ವರ್ಷ ಆಚೀಚೆ ಬಿಟ್ಟು), ವಿಳಾಸ, ರೋಗದ ಜಾಗ ಹೋಲಿಸುತ್ತೇವೆ. ಕೋಡಿಂಗ್ ಐಸಿಡಿ-ಒ-3 ಪ್ರಕಾರ, ಅಂದರೆ ಕ್ಯಾನ್ಸರ್‌ಗಳಿಗೆ ಸಂಕೇತ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಂತೆ. ಸ್ತನಕ್ಕೆ ಸಿ50, ಗರ್ಭಕಂಠಕ್ಕೆ ಸಿ53. ಹರಡಿದ ಗಡ್ಡೆಯ ಜಾಗವನ್ನೇ ಮೂಲ ಜಾಗವೆಂದು ಬರೆಯುವುದು ಹೊಸಬರು ಹೆಚ್ಚು ಮಾಡುವ ತಪ್ಪು. ಯಕೃತ್ತಿನ ಕೇಸುಗಳು ಇದ್ದಕ್ಕಿದ್ದಂತೆ ಹೆಚ್ಚಿದರೆ ಮೊದಲು ಇದನ್ನೇ ನೋಡುತ್ತೇವೆ.

ಜನಸಂಖ್ಯೆಯ ಕಡೆ ಕಷ್ಟ ಇನ್ನೂ ದೊಡ್ಡದು. 2011ರ ಜನಗಣತಿಯ ಮುಂದಿನ ವರ್ಷಗಳಿಗೆ ಅಂದಾಜೇ ಗತಿ. ಆ ಅಂದಾಜು ಶೇ. 10 ಕಡಿಮೆಯಾದರೆ ದರ ಶೇ. 11 ಹೆಚ್ಚಾಗಿ ಕಾಣುತ್ತದೆ. 2007ರಲ್ಲಿ ಬಿಬಿಎಂಪಿ ಆದಾಗ ಸುತ್ತಲಿನ ಪುರಸಭೆಗಳು, ಹಳ್ಳಿಗಳು ನಗರಕ್ಕೆ ಸೇರಿದವು. ಇಂಥ ಕಡೆ ರೋಗಿಗಳನ್ನೂ ಜನರನ್ನೂ ಒಂದೇ ನಕ್ಷೆಯೊಳಗೆ ಎಣಿಸದಿದ್ದರೆ ಎಲ್ಲ ವರ್ಷಗಳ ಹೋಲಿಕೆಯೂ ವ್ಯರ್ಥ.

ದರವನ್ನು ಐದೈದು ವರ್ಷದ ವಯೋಗುಂಪಿನಲ್ಲಿ ತೆಗೆದು ಸೆಗಿ ವಿಶ್ವ ಜನಸಂಖ್ಯೆಯ (ಹೋಲಿಕೆಗೆಂದೇ ಇಟ್ಟುಕೊಂಡ ಮಾದರಿ ಜನಸಂಖ್ಯೆ) ತೂಕ ಹಾಕುತ್ತೇವೆ (0–4ಕ್ಕೆ ಲಕ್ಷದಲ್ಲಿ 12,000, 60–64ಕ್ಕೆ 4,000). ಹಿರಿಯರು ಹೆಚ್ಚಿರುವ ಊರನ್ನೂ ಕಿರಿಯರು ಹೆಚ್ಚಿರುವ ಊರನ್ನೂ ಪಕ್ಕದಲ್ಲಿಡಲು ಬೇರೆ ದಾರಿಯಿಲ್ಲ. ಹೀಗೆ ತೂಕ ಹಾಕಿದ ಮೇಲೂ ರಾಷ್ಟ್ರೀಯ ಕಾರ್ಯಕ್ರಮದ 2012–2016ರ ವರದಿಯಲ್ಲಿ ಗಂಡಸರ ದರ ಮಿಜೋರಾಂನ ಐಜ್ವಾಲ್ ಜಿಲ್ಲೆಯಲ್ಲಿ ಲಕ್ಷಕ್ಕೆ 269.4, ಮಹಾರಾಷ್ಟ್ರದ ಉಸ್ಮಾನಾಬಾದ್-ಬೀಡ್‌ನಲ್ಲಿ 39.5. ಇಷ್ಟು ಅಂತರ ಕಂಡಾಗ ತಂಬಾಕು, ಆಹಾರದ ಮಾತಿಗೆ ಮೊದಲು ಗುಣಮಟ್ಟದ ಅಂಕಣ ನೋಡಬೇಕು: ಬಯಾಪ್ಸಿಯಿಂದ ಖಚಿತವಾದವರ ಶೇಕಡಾವಾರು, ಮರಣಪತ್ರದಿಂದ ಮಾತ್ರ ಗೊತ್ತಾದವರು, ಸಾವು ಮತ್ತು ಹೊಸ ಕೇಸುಗಳ ಅನುಪಾತ. ವರ್ಷದಿಂದ ವರ್ಷಕ್ಕೆ ದರ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಲು, ಗೆರೆ ಎಲ್ಲಿ ಬಾಗಿತು ಎಂದು ಹುಡುಕುವ ಜಾಯಿನ್‌ಪಾಯಿಂಟ್ ಸಾಫ್ಟ್‌ವೇರ್ ಸಾಕು. ಗೆರೆ ಬಾಗಿದ ವರ್ಷ ಹೊಸ ಲ್ಯಾಬು ಪಟ್ಟಿಗೆ ಸೇರಿತ್ತೇ ಎಂಬುದು ಮಾತ್ರ ಸಾಫ್ಟ್‌ವೇರಿಗೆ ಗೊತ್ತಿರುವುದಿಲ್ಲ.

ಬದುಕುಳಿಕೆ ಎಂದರೆ ರೋಗ ಪತ್ತೆಯಾಗಿ ಇಷ್ಟು ವರ್ಷದ ಮೇಲೂ ಬದುಕಿರುವವರ ಶೇಕಡಾವಾರು. ಅದರ ಲೆಕ್ಕ ಕೆಡುವುದು ಸಂಪರ್ಕ ತಪ್ಪಿದವರಿಂದ. ನೂರು ಜನರಲ್ಲಿ ಐದು ವರ್ಷದೊಳಗೆ 40 ಜನ ತೀರಿಕೊಂಡದ್ದು ಗೊತ್ತು, 40 ಜನ ಇದ್ದಾರೆ, 20 ಜನರ ಸುಳಿವಿಲ್ಲ ಎನ್ನಿ. ನಿಜವಾದ ಉತ್ತರ ಶೇ. 40ರಿಂದ 60ರ ನಡುವೆ ಎಲ್ಲೂ ಇರಬಹುದು. ಮರಣ ದಾಖಲೆಯಲ್ಲಿ ಹೆಸರಿಲ್ಲ ಎಂದು ಆ 20 ಜನರನ್ನು ಬದುಕಿದ್ದಾರೆಂದು ಬರೆಯಲೇಬಾರದು. ಊರಿಗೆ ಮರಳಿ ಅಲ್ಲೇ ತೀರಿಕೊಂಡಿರಬಹುದು. ನಾವು ಎರಡೂ ಅಂಚುಗಳನ್ನು ಲೆಕ್ಕ ಹಾಕಿ, ಅಂತರ ದೊಡ್ಡದಿದ್ದರೆ ಮತ್ತೆ ಹುಡುಕಾಟಕ್ಕೆ ಇಳಿಯುತ್ತೇವೆ.

ಅದಕ್ಕೇ ನೋಂದಣಿಯ ದಿನವೇ ಎರಡು ಫೋನ್ ನಂಬರ್ ಬರೆದುಕೊಳ್ಳುವುದು, ಒಂದು ಸ್ವಂತ ಊರಿನವರದು. ಕರೆ ಸಂಜೆ ಮಾಡಿದರೆ ಸಿಗುತ್ತಾರೆ. 'ಅವರು ಇದ್ದಾರಾ?' ಎಂದು ಶುರು ಮಾಡಬೇಡಿ. 'ಅಮ್ಮನವರ ಆರೋಗ್ಯ ವಿಚಾರಿಸೋಣ ಅಂತ ಮಾಡಿದೆ' ಎಂದು ಹೇಳಿ, ಅವರೇ ಹೇಳುವವರೆಗೆ ಸುಮ್ಮನಿರಿ.