ಶಾಲೆಯಲ್ಲೊಂದು ಗೋಡೆ ಪತ್ರಿಕೆ: ಪೆನ್ನು ಮಕ್ಕಳ ಕೈಯಲ್ಲೇ ಇರಲಿ

ಹೈಸ್ಕೂಲಿನಲ್ಲಿ ಪತ್ರಿಕೆ ಅಂದರೆ ವರ್ಷಕ್ಕೊಮ್ಮೆ ಬರುವ ವಾರ್ಷಿಕ ಸಂಚಿಕೆ ಎಂದೇ ನಮ್ಮಲ್ಲಿ ಲೆಕ್ಕ. ಮೊದಲ ಪುಟಗಳಲ್ಲಿ ಶುಭಾಶಯ, ಒಳಗೆ ಎಲ್ಲಿಂದಲೋ ನೋಡಿ ಬರೆದ ಗಾದೆ, ಒಗಟು. ಮಕ್ಕಳು ತಾವೇ ಕಂಡು, ಕೇಳಿ ಬರೆದದ್ದು ಅದರಲ್ಲಿ ತೀರಾ ಕಡಿಮೆ. ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾ, ಏಳು ವರ್ಷದಿಂದ ಮಕ್ಕಳ ಜೊತೆ ಗೋಡೆ ಪತ್ರಿಕೆ ನಡೆಸುತ್ತಿದ್ದೇನೆ. ನೀವೂ ಶುರು ಮಾಡುವುದಾದರೆ ಹೀಗೆ ಮಾಡಿ.

ಮೊದಲು ದಿನ ಗೊತ್ತು ಮಾಡಿ

ಜುಲೈ 1 ಒಳ್ಳೆಯ ದಿನ. 1843ರಲ್ಲಿ ಅವತ್ತೇ ಮಂಗಳೂರಿನಲ್ಲಿ ಜರ್ಮನಿಯಿಂದ ಬಂದಿದ್ದ ಪಾದ್ರಿ ಹರ್ಮನ್ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿ, ತೆಗೆದರು. ಅದು ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ. ನಮಗೂ ಅಷ್ಟೇ ಸಾಕು. ವಾರಕ್ಕೊಂದು ಅಂತ ಹೊರಟರೆ ಟೆಸ್ಟ್ ಬಂದಾಗ ನಿಂತೇಹೋಗುತ್ತದೆ. ಬೇಕಾಗುವುದು ನಾಲ್ಕು ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಗಮ್ಮು. ಅಂಟಿಸುವ ಜಾಗ ಮಾತ್ರ ಸ್ಟಾಫ್ ರೂಮಿನ ಪಕ್ಕ ಬೇಡ. ಕುಡಿಯುವ ನೀರಿನ ನಲ್ಲಿಯ ಹತ್ತಿರ ಹಾಕಿ. ಎಲ್ಲರೂ ನಿಲ್ಲುವುದು ಅಲ್ಲೇ ಅಲ್ವಾ?

ತಂಡ

ಎಂಟು, ಒಂಬತ್ತನೇ ಕ್ಲಾಸಿನ ಹತ್ತು ಮಕ್ಕಳು ಸಾಕು. ಹತ್ತನೆಯವರಿಗೆ ಎಸ್ಸೆಸ್ಸೆಲ್ಸಿ ಓದು ಇರುತ್ತದೆ. ಅಕ್ಷರ ಚೆನ್ನಾಗಿದೆ, ಮಾರ್ಕ್ಸ್ ಬರುತ್ತದೆ ಅಂತ ಆರಿಸಬೇಡಿ. ಮೈದಾನದ ಸುದ್ದಿಯನ್ನೆಲ್ಲ ಮೊದಲು ತರುವ ಹುಡುಗ ಒಬ್ಬ ಇರುತ್ತಾನಲ್ಲ, ಅವನನ್ನು ಸೇರಿಸಿಕೊಳ್ಳಿ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳನ್ನಂತೂ ಬಿಡಲೇಬೇಡಿ. ಇದು ನಮ್ಮ ಊರಿನ ದೊಡ್ಡ ಬಲ. ಒಮ್ಮೆ ಪೌರಕಾರ್ಮಿಕರನ್ನು ಮಾತಾಡಿಸಲು ಹೋದಾಗ ನಾಲ್ಕು ಮಕ್ಕಳಿಗೆ ಅವರು ಹೇಳಿದ್ದು 'ಚೆನ್ನಾಗಿದೀವಪ್ಪ' ಅಂತ ಅಷ್ಟೇ. ಮನೆಯಲ್ಲಿ ತೆಲುಗು ಆಡುವ ಹುಡುಗಿ 'ಅಮ್ಮಾ' ಅಂತ ತೆಲುಗಿನಲ್ಲಿ ಮಾತು ಶುರು ಮಾಡಿದ್ದೇ ತಡ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆ, ಕೆಲಸದ ನಡುವೆ ಶೌಚಾಲಯಕ್ಕೆ ಎಲ್ಲಿಗೆ ಹೋಗಬೇಕು, ಎಲ್ಲ ಹೇಳಿದರು. ಕನ್ನಡದಲ್ಲಿ ಬರೆಯಲು ಅವಳು ಕಷ್ಟಪಟ್ಟಳು. ಆದರೆ ಆ ಸಂಚಿಕೆಯಲ್ಲಿ ನಿಜವಾದ ಸುದ್ದಿ ಇದ್ದದ್ದು ಅವಳ ಹತ್ತಿರ ಮಾತ್ರ.

ನೋಡು, ಎಣಿಸು, ಅಳೆ

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಒಬ್ಬ ಹುಡುಗ ಬರೆದುಕೊಂಡು ಬಂದ: 'ನಮ್ಮ ಸ್ಟಾಪಿಗೆ ಬಸ್ಸು ಯಾವಾಗಲೂ ಲೇಟು.'

'ಯಾರು ಹೇಳಿದ್ದು?'

'ಎಲ್ಲರೂ ಹೇಳ್ತಾರೆ ಮಿಸ್.'

'ನೀನು ನೋಡಿದೀಯಾ?'

ಅವನು ಸುಮ್ಮನಾದ. ಮಾರನೇ ದಿನದಿಂದ ಗೆಳೆಯನ ಜೊತೆ ಸ್ಟಾಪಿನಲ್ಲಿ ನಿಂತ. ಏಳೂವರೆಯಿಂದ ಎಂಟೂವರೆವರೆಗೆ ಯಾವ ನಂಬರಿನ ಬಸ್ಸು ಎಷ್ಟು ಹೊತ್ತಿಗೆ ಬಂತು ಅಂತ ಐದು ದಿನ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಬರೆದ. ಬಸ್ಸುಗಳು ಬರುತ್ತಿದ್ದವು. ತುಂಬಿದ್ದರಿಂದ ಸ್ಟಾಪಿನಲ್ಲಿ ನಿಲ್ಲದೆ ಮುಂದೆ ಹೋಗುತ್ತಿದ್ದವು. ಸುದ್ದಿಯೇ ಬದಲಾಯಿತು! 'ಯಾವಾಗಲೂ' ಅನ್ನುವ ಪದವನ್ನು ಅವನೇ ಹೊಡೆದುಹಾಕಿದ.

ರಸ್ತೆ ಗುಂಡಿಯ ಬಗ್ಗೆ ಬರೆದರೆ ಸ್ಕೇಲು ತೆಗೆದುಕೊಂಡು ಹೋಗಲಿ, ದೊಡ್ಡವರೊಬ್ಬರು ಜೊತೆಗಿರಲಿ. ಯಾರನ್ನಾದರೂ ದೂರಿ ಬರೆದರೆ ಅವರ ಮಾತನ್ನೂ ಕೇಳಿ ಹಾಕಲೇಬೇಕು.

ಬರವಣಿಗೆಗೆ ನಾನು ಹೇಳಿಕೊಡುವುದು ಸ್ವಲ್ಪವೇ. ಮನೆಗೆ ಓಡಿ ಬಂದು ಅಮ್ಮನಿಗೆ ಮೊದಲು ಏನು ಹೇಳುತ್ತೀಯೋ ಅದೇ ಮೊದಲ ವಾಕ್ಯ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂಬುದಕ್ಕೆ ಉತ್ತರ ಸಿಗಬೇಕು. 'ವಿಜೃಂಭಣೆಯಿಂದ ಜರುಗಿತು' ಬೇಡ.

ತಿದ್ದುವಾಗ

ನೀವು ಬರೆದುಕೊಡಬೇಡಿ. ಇದು ಹೇಳಲು ಸುಲಭ, ಮಾಡಲು ಕಷ್ಟ. ಮೊದಮೊದಲು ನಾನೂ ಕೆಂಪು ಪೆನ್ನಿನಲ್ಲಿ ಇಡೀ ವರದಿ ಹೊಸದಾಗಿ ಬರೆದದ್ದಿದೆ. ಆ ಮಕ್ಕಳು ಮುಂದಿನ ಸಲ ಬರೆಯಲೇ ಬರಲಿಲ್ಲ. ಈಗ ಪೆನ್ಸಿಲ್ ಹಿಡಿಯುತ್ತೇನೆ, ಪಕ್ಕದಲ್ಲಿ ಪ್ರಶ್ನೆ ಮಾತ್ರ ಬರೆಯುತ್ತೇನೆ. ಕಾಗುಣಿತ ನೋಡಲು ಇಬ್ಬರು ಉಪಸಂಪಾದಕರಿದ್ದಾರೆ. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದನ್ನೂ ಅವರೇ ತೀರ್ಮಾನಿಸುತ್ತಾರೆ.

ಹೆಡ್‌ಮಾಸ್ಟರ ಜೊತೆ ಮಾತು

ಇದು ಮೊದಲ ಸಂಚಿಕೆಗೆ ಮುಂಚೆಯೇ ಆಗಬೇಕು. ಶೌಚಾಲಯದ ನಲ್ಲಿ ಕೆಟ್ಟಿದೆ ಅಂತ ಮಕ್ಕಳು ಒಂದಲ್ಲ ಒಂದು ದಿನ ಬರೆದೇ ಬರೆಯುತ್ತಾರೆ. ಮಕ್ಕಳು ಬರೆದದ್ದನ್ನು ಶಾಲೆ ತಡೆಯಬಹುದೇ ಅನ್ನುವ ಜಗಳ ಅಮೆರಿಕದಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಪ್ರಿನ್ಸಿಪಾಲರು ಶಾಲಾ ಪತ್ರಿಕೆಯ ಎರಡು ಪುಟ ತೆಗೆಸಿದ್ದರು. 1988ರಲ್ಲಿ ತೀರ್ಪು ಶಾಲೆಯ ಪರವಾಗಿ ಬಂತು. ಅಧಿಕಾರ ಇದೆ ಅಂತ ಪುಟ ಕಿತ್ತರೆ ಮಕ್ಕಳು ಕಲಿಯುವುದು ಹೆದರಿಕೆಯನ್ನು ಮಾತ್ರ ಅಂತ ನನಗನ್ನಿಸುತ್ತದೆ. ಅದಕ್ಕೇ ನಾವು ಒಂದು ಒಪ್ಪಂದ ಮಾಡಿಕೊಂಡೆವು. ಶಾಲೆಯ ಕೊರತೆ ಬರೆದರೆ ಅದರ ಕೆಳಗೇ ಹೆಡ್‌ಮಾಸ್ಟರ ಉತ್ತರಕ್ಕೂ ಜಾಗ. ನಲ್ಲಿಯ ಸುದ್ದಿ ಬಂದಾಗ ಅವರು 'ಪ್ಲಂಬರಿಗೆ ಹೇಳಿದ್ದೇನೆ, ಶನಿವಾರದೊಳಗೆ ಆಗುತ್ತದೆ' ಅಂತ ಬರೆದು ಸಹಿ ಹಾಕಿದರು. ಸೋಮವಾರ ಇಬ್ಬರು ವರದಿಗಾರರು ಹೋಗಿ ನಲ್ಲಿ ತಿರುಗಿಸಿ ನೋಡಿ ಬಂದರು.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ತೊಂದರೆಗೆ ಸಿಕ್ಕ ಮಗುವಿನ ಹೆಸರು, ಕ್ಲಾಸು, ಫೋಟೊ, ಮನೆ, ಗುರುತು ಸಿಗುವ ಯಾವುದೂ ಬರಬಾರದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ, 2015ರ ಬಾಲನ್ಯಾಯ ಕಾಯ್ದೆ ಎರಡೂ ದೊಡ್ಡ ಪತ್ರಿಕೆಗಳಿಗೇ ಇದನ್ನು ಹೇಳಿವೆ. ಅಂಥ ಸುದ್ದಿ ಮಕ್ಕಳ ಬಾಯಿಂದ ಬಂದರೆ ಅದನ್ನು ಪತ್ರಿಕೆಯಿಂದ ಹೊರಗಿಡಿ. ಹಾಗಂತ ಸುಮ್ಮನಿರಬೇಡಿ, ಆ ಮಗುವಿಗೆ ತಕ್ಷಣ ಸಹಾಯ ಸಿಗುವ ಹಾಗೆ ಮಾಡಿ. 1098 ಮಕ್ಕಳ ಸಹಾಯವಾಣಿ.

ತಪ್ಪಾದರೆ

ಆಗುತ್ತದೆ. ಖೋಖೋ ಪಂದ್ಯದಲ್ಲಿ ಗೆದ್ದ ತಂಡದ ಹೆಸರನ್ನೇ ನಾವು ತಪ್ಪು ಹಾಕಿದ್ದೆವು. ಗುಟ್ಟಾಗಿ ಚೀಟಿ ಅಂಟಿಸಿ ಮುಚ್ಚಬೇಡಿ. ಮುಂದಿನ ಸಂಚಿಕೆಯ ಮೊದಲ ಶೀಟಿನಲ್ಲೇ 'ತಿದ್ದುಪಡಿ' ಅಂತ ಹಾಕಿ. ನಮ್ಮಲ್ಲಿ ಅದನ್ನು ಬರೆದದ್ದು ಆ ವರದಿ ಮಾಡಿದ ಹುಡುಗಿಯೇ. ಗೆದ್ದ ತಂಡದ ಒಂಬತ್ತು ಮಕ್ಕಳ ಹೆಸರನ್ನೂ, ಇನಿಷಿಯಲ್ ಸಮೇತ, ಒಬ್ಬೊಬ್ಬರನ್ನೇ ಕೇಳಿಕೊಂಡು ಬಂದು ಬರೆದಳು.