ಪರಿಕ್ರಮೆಗೆ ಹೊರಡುವ ಮುನ್ನ ಮನೆಯನ್ನು ಕಟ್ಟಿಡುವುದು

ನರ್ಮದಾ ಪರಿಕ್ರಮೆ ಎಂದರೆ ನದಿಗೇ ಒಂದು ಪ್ರದಕ್ಷಿಣೆ, ಒಂದು ದಂಡೆಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವುದು. ನಡೆದೇ ಮಾಡಿದರೆ ನಾಲ್ಕರಿಂದ ಆರು ತಿಂಗಳು ಬೇಕು. ನದಿಯ ಉದ್ದ 1,312 ಕಿಲೋಮೀಟರ್. ಎರಡೂ ದಂಡೆ ಸೇರಿದರೆ 2,600 ದಾಟುತ್ತದೆ. ಚಾತುರ್ಮಾಸ ಮುಗಿದು ಉತ್ಥಾನ ದ್ವಾದಶಿಯ ತುಳಸಿ ಪೂಜೆ ಆಯಿತೆಂದರೆ ಮುಂಬಯಿ, ಪುಣೆಯ ಜನ ಖಂಡ್ವಾ ರೈಲು ಹಿಡಿದು, ಪರಿಕ್ರಮೆ ಶುರುಮಾಡಲು ನರ್ಮದೆಯ ದಂಡೆಯ ಓಂಕಾರೇಶ್ವರಕ್ಕೆ ಹೊರಡುತ್ತಾರೆ. ಬೆನ್ನಿನ ಚೀಲಕ್ಕೆ ಏನೇನು ಬೇಕೆಂದು ತಿಂಗಳುಗಟ್ಟಲೆ ವಿಚಾರಿಸಿರುತ್ತಾರೆ, ಮನೆಯನ್ನು ಮಾತ್ರ ರೈಲಿನ ದಿನಕ್ಕೆ ಬಿಟ್ಟಿರುತ್ತಾರೆ. ಆಮೇಲೆ ಪ್ಲಂಬರನಿಗೆ ಫೋನು ಹಚ್ಚುತ್ತಾ, ಹಿರಿಯರ ಕಾಲಿಗೆ ಬೀಳಲೂ ಪುರುಸೊತ್ತಿಲ್ಲದೆ ಓಡುವುದು. ಕೊನೆಯ ದಿನ ಖಾಲಿ ಇರಬೇಕೆಂದರೆ ಹದಿನೈದು ದಿನ ಮೊದಲೇ ಕೈಹಚ್ಚಿ.

ಮೊದಲು ನೀರು. ಹಳೆಯ ಬಿಲ್ಡಿಂಗುಗಳಲ್ಲಿ ಅಡುಗೆಮನೆಗೊಂದು, ಬಚ್ಚಲಿಗೊಂದು ವಾಲ್ವ್ ಬೇರೆಬೇರೆ ಇರುತ್ತವೆ. ವರ್ಷಗಟ್ಟಲೆ ಮುಟ್ಟದ ವಾಲ್ವನ್ನು ತಿರುಗಿಸಿದರೆ ಒಂದೋ ಪೂರ್ತಿ ಮುಚ್ಚುವುದಿಲ್ಲ, ಇಲ್ಲವೇ ಕಡ್ಡಿಯ ಬುಡದಲ್ಲೇ ಸೋರತೊಡಗುತ್ತದೆ. ಆದ್ದರಿಂದ ಈಗಲೇ ಎಲ್ಲವನ್ನೂ ಮುಚ್ಚಿ ಪ್ರತಿಯೊಂದು ನಲ್ಲಿ ತೆರೆದು ನೋಡಿ. ಹತ್ತು ನಿಮಿಷದ ಮೇಲೂ ತೊಟ್ಟಿಕ್ಕುತ್ತಿದ್ದರೆ ರಿಪೇರಿ ಮಾಡಿಸಿ. ನಾಲ್ಕು ತಿಂಗಳ ತೊಟ್ಟು ಕೆಳಗಿನ ಮನೆಯವರ ಸೀಲಿಂಗಿನಲ್ಲಿ ಲೆಕ್ಕಕ್ಕೆ ಸಿಗುತ್ತದೆ.

ಬಹಳ ಮಂದಿ ಮರೆಯುವುದು ನಹಾಣಿ ಟ್ರ್ಯಾಪ್. ಬಚ್ಚಲ ಜಾಲಿಯ ಕೆಳಗೆ ಸದಾ ನಿಂತಿರುವ ಆ ಒಂದಿಷ್ಟು ನೀರೇ ಗಟಾರದ ವಾಸನೆಯನ್ನೂ ಜಿರಲೆಯನ್ನೂ ತಡೆಯುವ ಬಾಗಿಲು. ಬಳಕೆ ನಿಂತರೆ ಕೆಲವೇ ವಾರಗಳಲ್ಲಿ ಅದು ಆರಿಹೋಗುತ್ತದೆ. ಹೊರಡುವ ದಿನ ಎರಡು ತಂಬಿಗೆ ನೀರು ಹೊಯ್ದು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆಯ ಪದರ ನೀರು ಆರದಂತೆ ಕಾಯುತ್ತದೆ. ಜಾಲಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಭಾರ ಇಡಿ. ಕಮೋಡಿನ ಮುಚ್ಚಳ ಹಾಕಿ ಅಂಚಿಗೆ ಟೇಪು ಸುತ್ತಿ. ಸಿಂಕಿಗೂ ಇದೇ ಉಪಚಾರ.

ಫ್ರಿಜ್ ಆರಿಸಿ ಬಾಗಿಲು ಮುಚ್ಚಿ ಹೋದರೆ ಒಳಗೆಲ್ಲ ಕಪ್ಪು ಬೂಸ್ಟು. ಎರಡು ದಿನ ಮೊದಲೇ ಖಾಲಿ ಮಾಡಿ, ಸೋಡಾ ಬೆರೆಸಿದ ನೀರಿನಲ್ಲಿ ಒರೆಸಿ ಒಣಗಿಸಿ, ಮಡಿಸಿದ ಟವಲು ಸಿಕ್ಕಿಸಿ ಬಾಗಿಲನ್ನು ಮೂರು ಬೆರಳಿನಷ್ಟು ತೆರೆದಿಡಿ. ವಾಷಿಂಗ್ ಮಷೀನಿಗೂ ಹಾಗೆಯೇ. ರವೆ, ಹಿಟ್ಟು, ಬೇಳೆ ಹಂಚಿಬಿಡಿ. ಗಾಳಿಯಾಡದ ಡಬ್ಬ ಎಂದು ನಂಬಬೇಡಿ, ಹುಳ ಹೊರಗಿನಿಂದ ಬರುವುದಲ್ಲ, ಮೊಟ್ಟೆ ಒಳಗೇ ಇರುತ್ತದೆ. ಪೈಪ್ ಗ್ಯಾಸಾದರೆ ಒಲೆಯ ಹಿಂದಿನ ವಾಲ್ವಿನ ಜೊತೆಗೆ ಮೀಟರಿನ ಹತ್ತಿರದ್ದನ್ನೂ ಮುಚ್ಚಿ. ಸಿಲಿಂಡರಾದರೆ ರೆಗ್ಯುಲೇಟರ್ ತೆಗೆದು ಕ್ಯಾಪ್ ಹಾಕಿ.

ಕಾಗದಪತ್ರದಲ್ಲಿ ನಿವೃತ್ತರು ಸಿಕ್ಕಿಬೀಳುವುದು ಒಂದೇ ಕಡೆ: ಪಿಂಚಣಿಯ ಜೀವನ ಪ್ರಮಾಣ ಪತ್ರ. ಕೇಂದ್ರ ಸರ್ಕಾರದ ಪಿಂಚಣಿದಾರರು ಅದನ್ನು ನವೆಂಬರಿನಲ್ಲೇ ಕೊಡಬೇಕು, ಹೊರಡುವ ಗಡಿಬಿಡಿಯೂ ಆಗಲೇ. ತಿಂಗಳ ಮೊದಲ ದಿನಗಳಲ್ಲೇ ಮುಗಿಸಿ, ರಸೀದಿ ಮಗನಿಗೋ ಮಗಳಿಗೋ ಕಳಿಸಿ. ಮೊಬೈಲಿಗೆ 84 ದಿನದ ರೀಚಾರ್ಜ್ ಸಾಲದು, ಎರಡು ಮಾಡಿಸಿ. ಸೊಸೈಟಿ ಮೇಂಟೆನನ್ಸ್ ಮುಂಗಡ ಕಟ್ಟಿ, ಸೆಕ್ರೆಟರಿಗೆ ಕೀ ಯಾರ ಬಳಿ ಇದೆ ಎಂದು ಬರೆದುಕೊಡಿ. ಪೇಪರು, ಹಾಲು ಎರಡು ದಿನ ಮೊದಲೇ ನಿಲ್ಲಿಸಿ. ಬಾಗಿಲ ಮುಂದಿನ ಪೇಪರಿನ ರಾಶಿ ಕಳ್ಳನಿಗೆ ಕೊಟ್ಟ ಆಹ್ವಾನ.

ಇನ್ನು ಮನೆಯವರು. ಊರಲ್ಲಿರುವ ತಾಯಿಗೆ "ದಿನಾ ಫೋನ್ ಮಾಡ್ತೀನಿ" ಎಂದು ಮಾತು ಕೊಡಬೇಡಿ. ದಾರಿಯಲ್ಲಿ ಬರುವ ಶೂಲಪಾಣಿಯ ಗುಡ್ಡಗಳಲ್ಲಿ ನೆಟ್‌ವರ್ಕ್ ಸಿಗದ ದಿನಗಳಿವೆ. ಮಾತು ತಪ್ಪಿದ ಮೊದಲ ರಾತ್ರಿಯೇ ಅವರ ನಿದ್ದೆ ಹೋಗುತ್ತದೆ. "ನಾಲ್ಕು ದಿನಕ್ಕೊಮ್ಮೆ ಮಾಡ್ತೀನಿ, ಎಂಟು ದಿನ ಬರದಿದ್ರೆ ಮಾತ್ರ ವಿಚಾರಿಸು" ಎನ್ನಿ. ಯಾರನ್ನು ವಿಚಾರಿಸಬೇಕೆಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲು ಹೇಳಿ. ಅವರ ಬಿಪಿ ಮಾತ್ರೆಯನ್ನು ತಿಂಗಳು ತಿಂಗಳು ತಂದುಕೊಡುವವರು ಯಾರೆಂದೂ ಈಗಲೇ ಗೊತ್ತಾಗಲಿ.

ಕುಂಡದ ತುಳಸಿಗೆ ಬಾಟಲಿ ನೇತುಹಾಕುವ ಉಪಾಯಗಳು ಹತ್ತು ದಿನಕ್ಕೆ ಸರಿ, ನಾಲ್ಕು ತಿಂಗಳಿಗಲ್ಲ. ಪೂಜೆಯ ಮರುದಿನ ಕುಂಡವನ್ನೇ ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ಅಂದರೆ ಕಾಕೂಗೆ ಒಪ್ಪಿಸಿ, ಜೊತೆಗೆ ಒಂದು ಕೀ. ಇನ್ನೊಂದು ಕೀ ಬೇರೆ ಬಿಲ್ಡಿಂಗಿನ ನೆಂಟರಲ್ಲಿರಲಿ.

ಮನೆಯವರು ಹೊರಟ ಮೇಲೆ ಕಸ ಗುಡಿಸಬಾರದೆಂಬುದು ನಮ್ಮಲ್ಲಿನ ಪದ್ಧತಿ. ಹಾಗಾಗಿ ಗುಡಿಸಿ, ಒರೆಸಿ, ಕಸದ ಬುಟ್ಟಿ ಖಾಲಿ ಮಾಡುವುದು ಹಿಂದಿನ ಸಂಜೆಗೇ ಮುಗಿಯಲಿ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದರೆ ಅದು ತಾನಾಗಿ ಆರುವವರೆಗೆ ಕಾಯಿರಿ. ಅದಕ್ಕೆಂದೇ ಎಣ್ಣೆ ಒಂದೇ ಚಮಚ. ಮೊಸರು ಸಕ್ಕರೆ ತಿಂದು, ಕರೆಂಟಿನ ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸಿ, ಬೀಗ ಎಳೆದು ನೋಡಿ. ಆಮೇಲೆ ಕಾಕೂನ ಬಾಗಿಲು ತಟ್ಟಿ. "ಹೋಗ್ತೀನಿ" ಎಂದು ನಾವು ಅನ್ನುವುದಿಲ್ಲ, ಅದೇ ಅರ್ಥದ "ಜಾತೋ" ಎಂದು ಮರಾಠಿಯವರೂ ಅನ್ನುವುದಿಲ್ಲ. "ಯೇತೋ ಕಾಕೂ", ಬರ್ತೀನಿ ಕಾಕೂ ಅನ್ನಿ, ಲಿಫ್ಟಿನ ಗುಂಡಿ ಒತ್ತಿ.